ಹಳದಿ ಚೂರಿನ ಅಂಚು

“ಈ ಗಾಡಿ ನಾ ನೋಡೇ ಇಲ್ರೀ ಸಾಹೇಬ್ರ,” ಅಂದ ಇಸ್ಮಾಯಿಲಸಾಬ. ನಾನು ಹಿಡಿದಿದ್ದ ಫೋಟೋದ ಕಡೆ ಅವನು ಕಣ್ಣೆತ್ತಿಯೂ ನೋಡಿರಲಿಲ್ಲ.

ನಾಲ್ಕು ಸಲ ಕೇಳಿದ್ದೆ. ನಾಲ್ಕು ಸಲವೂ ಇದೇ ಉತ್ತರ.

ಬೆಟಗೇರಿಯ ಆ ತಗಡಿನ ಶೆಡ್ಡಿನಲ್ಲಿ ಬೆಳಗಿನ ಹತ್ತು ಗಂಟೆಗೇ ಥಿನ್ನರ್ ವಾಸನೆ ತಲೆಗೇರುತ್ತಿತ್ತು. ಗೋಡೆಗುಂಟ ಬೈಕುಗಳ ಫೇರಿಂಗುಗಳು ನೇತುಬಿದ್ದಿದ್ದವು. ಗಾಡಿಯ ಮುಖಕ್ಕೂ ಪಕ್ಕೆಗೂ ಹೊದಿಸುವ ಪ್ಲಾಸ್ಟಿಕ್ ಕವಚಕ್ಕೆ ಹಾಗನ್ನುತ್ತಾರೆ. ಹದಿನೈದು-ಇಪ್ಪತ್ತು ವರ್ಷ ಹಳೆಯ ಬೈಕನ್ನು ಹೊಸದರಂತೆ ಮಾಡಿಸುವ ಹುಚ್ಚು ಈಗ ನಮ್ಮ ಜಿಲ್ಲೆಗೂ ಬಂದಿದೆ. ಎಂಜಿನ್ನು ಯಾರು ಬೇಕಾದರೂ ಬಿಚ್ಚಿ ಕಟ್ಟುತ್ತಾರೆ. ಒಡೆದ ಫೇರಿಂಗನ್ನು ಒಡೆದದ್ದೇ ಗೊತ್ತಾಗದಂತೆ ಮಾಡಬೇಕಾದರೆ ಮಾತ್ರ ಇಸ್ಮಾಯಿಲಸಾಬನ ಹತ್ತಿರವೇ ಹೋಗಬೇಕು ಅಂತ ಮುಂಡರಗಿಯಿಂದ ಶಿರಹಟ್ಟಿಯ ತನಕ ಮಾತಿದೆ.

ಅಂಥವನು ತೊಡೆಯ ಮೇಲೆ ಕೆಂಪು ಫೇರಿಂಗೊಂದನ್ನು ಇಟ್ಟುಕೊಂಡು, ಸೋಪಿನ ನೀರಿನಲ್ಲಿ ಪಾಲಿಶ್ ಪೇಪರ್ ಅದ್ದಿ ಅದ್ದಿ ಉಜ್ಜುತ್ತಿದ್ದ. ಉಜ್ಜುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ತಗ್ಗು-ದಿಣ್ಣೆ ಬೆರಳಿಗೆ ಗೊತ್ತಾಗುವಷ್ಟು ಕಣ್ಣಿಗೆ ಗೊತ್ತಾಗುವುದಿಲ್ಲವಂತೆ. ನಾನು ಎದ್ದುಹೋಗಲಿ ಅಂತ ಕಾಯುವುದಕ್ಕೂ ಅದು ಒಳ್ಳೆಯ ಉಪಾಯವಾಗಿತ್ತು.

ನಾನು ಏಳಲಿಲ್ಲ. ಇಪ್ಪತ್ತಾರು ವರ್ಷ ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿ ಪಂಚನಾಮೆ ಬರೆದವನಿಗೆ ಎಲ್ಲಿಯೂ ಬೇಗ ಏಳುವ ಅಭ್ಯಾಸ ಇರುವುದಿಲ್ಲ. ನಿವೃತ್ತನಾದ ಮೇಲೆ, ದತ್ತಾತ್ರಿ ಹೇಗೂ ಖಾಲಿ ಕೂತಿದ್ದಾನೆ ಅಂತ ವಕೀಲರು ತಮ್ಮ ಕೇಸುಗಳ ಹುಡುಕಾಟವನ್ನೆಲ್ಲ ನನ್ನ ಹೆಗಲಿಗೆ ಹಾಕುತ್ತಾರೆ. ಈ ಕೇಸು ವಕೀಲೆ ಅಫ್ರೀನಳದು.

ಸಂಗತಿ ಇಷ್ಟು. ಮೂರು ವಾರದ ಹಿಂದೆ, ಒಂದು ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ, ಲಕ್ಷ್ಮೇಶ್ವರದ ಹೊರಗೆ ಶಿರಹಟ್ಟಿ ರಸ್ತೆಯಲ್ಲಿ ನಿವೃತ್ತ ಶಿಕ್ಷಕಿ ತುಳಸಾಬಾಯಿಗೆ ಯಾವುದೋ ಗಾಡಿ ಗುದ್ದಿ ನಿಲ್ಲದೆ ಹೋಯಿತು. ದೂರದಲ್ಲಿ ಆಡು ಮೇಯಿಸುತ್ತಿದ್ದ ಹನಮಂತವ್ವನಿಗೆ ಕಂಡದ್ದು ಧೂಳು ಮತ್ತು ಹಳದಿ ಬಣ್ಣ, ಅಷ್ಟೇ. ರಸ್ತೆಯಲ್ಲಿ ಬಿದ್ದಿದ್ದ ತುಳಸಾಬಾಯಿಯನ್ನು ಆಟೋ ನಿಲ್ಲಿಸಿ ಆಸ್ಪತ್ರೆಗೆ ಒಯ್ದವನು ಅವರ ಹಳೆಯ ವಿದ್ಯಾರ್ಥಿ ನವಾಜ. ಗುರುವಾರ ಅವರು ತೀರಿಕೊಂಡರು. ಶುಕ್ರವಾರ ಪೊಲೀಸರು ಹಿಡಿದದ್ದು ಎತ್ತಿಕೊಂಡು ಹೋದ ನವಾಜನನ್ನೇ.

ಅದಕ್ಕೆ ಕಾರಣ ಒಂದು ಪ್ಲಾಸ್ಟಿಕ್ ಚೂರು. ಅಂಗೈಯಗಲದ್ದು, ಹಳದಿ. ಅಪಘಾತವಾದ ಜಾಗದಲ್ಲಿ ಸಿಕ್ಕಿತ್ತು. ನವಾಜನ ಹಳದಿ ಕರಿಜ್ಮಾ ಬೈಕಿನ ಫೇರಿಂಗಿನಲ್ಲಿ ಅದೇ ಅಳತೆಯ, ಅದೇ ಆಕಾರದ ತೇಪೆ ಇತ್ತು, ಬಣ್ಣ ಹೊಸದಿತ್ತು. ಗುದ್ದಿದ ಮೇಲೆ ಬೈಕನ್ನು ಜಾಲಿ ಕಂಟಿಯ ಮರೆಗೆ ನಿಲ್ಲಿಸಿ, ಏನೂ ಅರಿಯದವನ ಹಾಗೆ ನಡೆದು ಬಂದು ಆಟೋ ನಿಲ್ಲಿಸಿದ್ದಾನೆ, ಆಮೇಲೆ ಮೂರು ದಿನದಲ್ಲಿ ಗುಟ್ಟಾಗಿ ರಿಪೇರಿ ಮಾಡಿಸಿದ್ದಾನೆ ಅಂದರು ಪೊಲೀಸರು. ನವಾಜ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೆದರಿ ಬಾಯಿ ಕಟ್ಟಿದೆ ಅಂತ ನಾವೆಲ್ಲ ತಿಳಿದೆವು.

ಅವನ ತಾಯಿ ಖೈರುನಬಿ ಮಾತ್ರ ಠಾಣೆಯಲ್ಲಿ ಗಂಟಲು ಹರಿದುಕೊಂಡಳು. ಫೇರಿಂಗು ಒಡೆದದ್ದು ಅದಕ್ಕೂ ಒಂದು ತಿಂಗಳ ಮೊದಲು, ಸೊರಟೂರ ಹತ್ತಿರ ಎಮ್ಮೆ ಅಡ್ಡ ಬಂದಾಗ. ರಿಪೇರಿ ಮಾಡಿದವನು ಬೆಟಗೇರಿಯ ಇಸ್ಮಾಯಿಲಸಾಬ. ಗಾಡಿ ಮನೆಗೆ ಬಂದದ್ದು ಅಪಘಾತಕ್ಕಿಂತ ಎರಡು ದಿನ ಮೊದಲು, ಭಾನುವಾರ. ಇಷ್ಟೂ ಹೇಳಿದಳು. ಪೊಲೀಸರು ಇಸ್ಮಾಯಿಲಸಾಬನನ್ನು ಕೇಳಿದರು. ಆ ಗಾಡಿ ನಾ ನೋಡೇ ಇಲ್ಲ ಅಂದುಬಿಟ್ಟ.

ಬರೀ ಅಪಘಾತವಾಗಿದ್ದರೆ ಇಷ್ಟೊತ್ತಿಗೆ ಜಾಮೀನು ಸಿಗುತ್ತಿತ್ತು. ಆದರೆ ತುಳಸಾಬಾಯಿಯ ಮಗ ಭಾರ್ಗವ ಕೊಟ್ಟ ದೂರಿನಲ್ಲಿ, ಬೈಕಿನ ಸದ್ದಿಗಾಗಿ ಹಿಂದೊಮ್ಮೆ ನವಾಜನಿಗೆ ಬೈದಿದ್ದೆ, ಆ ಸಿಟ್ಟಿಗೆ ನಮ್ಮ ತಾಯಿಗೆ ಬೇಕಂತಲೇ ಗುದ್ದಿದ್ದಾನೆ ಅಂತಿತ್ತು. ನಾಳೆ ಹನ್ನೊಂದಕ್ಕೆ ಜಾಮೀನು ಅರ್ಜಿ ಕೋರ್ಟಿನ ಮುಂದೆ ಬರುವುದಿತ್ತು. ನವಾಜ ಬಸ್ ಚಾಲಕನ ಹುದ್ದೆಗೆ ಆಯ್ಕೆಯಾಗಿದ್ದ. ಒಂದನೇ ತಾರೀಖಿಗೆ ಹಾಜರಾಗದಿದ್ದರೆ ಅದೂ ಹೋದಂತೆ. ಒಂದನೇ ತಾರೀಖಿಗೆ ಐದೇ ದಿನ ಉಳಿದಿದ್ದವು.

ಅವನ ಇಡೀ ಬದುಕು ಈ ಮುದುಕನ ಒಂದು ಮಾತಿನ ಮೇಲೆ ನಿಂತಿತ್ತು. ಮುದುಕ ಸೋಪಿನ ನೀರು ಕಲಕುತ್ತಿದ್ದ.

“ಹೋಗ್ಲಿ ಬಿಡ್ರಿ,” ಅಂದೆ, ಫೋಟೋ ಚೀಲಕ್ಕೆ ಹಾಕುತ್ತ. “ನೀವು ಮಾಡಿಲ್ಲ ಅಂದಮ್ಯಾಲೆ ಮಾಡಿಲ್ಲ. ಮುಂಡರಗಿಯ ಪೇಂಟರ್ ಒಬ್ಬ ಆ ಗಾಡಿ ನೋಡಿ ಇದನ್ನಽ ಅಂದನಂತ. ಇದು ಇಸ್ಮಾಯಿಲಸಾಬನ ಕೈ ಅಲ್ಲ, ಯಾರೋ ಹೊಸದಾಗಿ ಕಲಿಯೋರು ಮಾಡ್ಯಾರ ಅಂತ.”

ಇದು ಶುದ್ಧ ಸುಳ್ಳು. ಮುಂಡರಗಿಯಿಂದ ಯಾವ ಪೇಂಟರನೂ ಬಂದಿರಲಿಲ್ಲ.

ಉಜ್ಜುತ್ತಿದ್ದ ಕೈ ನಿಂತಿತು.

“ಯಾಕಂತ?”

“ಬಣ್ಣ ಕೂಡಿಲ್ಲಂತ. ಟ್ಯಾಂಕಿನ ಹಳದಿನೇ ಬ್ಯಾರೆ, ಮುಖದ ಹಳದಿನೇ ಬ್ಯಾರೆ.”

“ಬ್ಯಾರೆ?”

“ಲ್ಯಾಕರ್ ಇಳದು ಹನಿಗಟ್ಟೇತಿ ಅಂತನೂ ಅಂದನಂತ.”

ಇಸ್ಮಾಯಿಲಸಾಬ ಫೇರಿಂಗನ್ನು ಪಕ್ಕಕ್ಕಿಟ್ಟು ಎದ್ದ. ಅರವತ್ತು ದಾಟಿದ ಮನುಷ್ಯ, ಏಳುವಾಗ ಮೊಣಕಾಲು ಹಿಡಿದುಕೊಂಡ. ಮುಖ ಕೆಂಪಗಾಗಿತ್ತು.

“ಅವಗ ಕಣ್ಣದಾವೇನ್ರಿ? ಕಂಪನಿ ಹಳದಿ ಅಂತ ಡಬ್ಬಿ ತಂದು ಹೊಡದಿದ್ರ ಬ್ಯಾರೆ ಕಾಣ್ತಿತ್ತು. ಹದಿನೆಂಟು ವರ್ಷ ಬಿಸಲಾಗ ನಿಂತ ಟ್ಯಾಂಕದು. ಅದರ ಹಳದಿ ಸತ್ತೈತಿ. ಆ ಸತ್ತ ಹಳದಿ ಕೂಡಸಾಕ ನಾ ಎರಡು ದಿನ ಕುಂತೀನಿ. ಒಂದೀಟು ಕೆಂಪ, ಒಂದು ಹನಿ ಕರಿ. ಲಗ್ನಪತ್ರಿಕಿ ಹಿಂದ ಹೊಡದು ಒಣಗಿಸಿ, ಟ್ಯಾಂಕಿಗೆ ಹಿಡದು ನೋಡೀನಿ. ಒಂದ್ಸಲ ಅಲ್ಲ, ಎರಡ್ಸಲ ಅಲ್ಲ, ಹದಿನೇಳು ಸಲ! ಮುಂಡರಗಿಯವನ ಅಪ್ಪನ ಕಡೀಂದನೂ ಆಗೂದಿಲ್ಲ…”

ಅಲ್ಲಿಗೆ ನಿಂತ. ಬಾಯಿಂದ ಏನು ಜಾರಿತು ಅಂತ ಆಗ ಗೊತ್ತಾಗಿರಬೇಕು.

ನಾನು ಫೋಟೋ ಮತ್ತೆ ಹೊರಗೆ ತೆಗೆದೆ.

“ಹದಿನೇಳು ಸಲ,” ಅಂದೆ.

ಅವನು ಸ್ಟೂಲಿನ ಮೇಲೆ ಕೂತ. ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಲೇ ಇದ್ದ. ಆಮೇಲೆ ನಿಧಾನವಾಗಿ, “ನೀವು ಠಾಣೇದವರು ನಿವೃತ್ತಿ ಆದ್ರೂ ಸುಧಾರಿಸೂದಿಲ್ಲ ನೋಡ್ರಿ,” ಅಂದ.

“ಸುಳ್ಳು ಯಾಕ ಹೇಳಿದ್ರಿ?”

“ಓಣ್ಯಾಗ ಎಲ್ಲಾರೂ ಹೆದರಿಸಿದ್ರು. ಸತ್ತೋರ ಕೇಸು, ಗಾಡಿ ಮುಟ್ಟೀನಿ ಅಂದ್ರ ಸಾಕ್ಷಿ ಅಳಿಸಿದಿ ಅಂತ ನಿನ್ನೂ ಒಳಗ ಹಾಕ್ತಾರ ಅಂದ್ರು. ಮನ್ಯಾಗ ಹೆಂಡ್ತಿ ಲಾಲಬಿ ಹಾಸಿಗಿ ಹಿಡದಾಳ. ನಾ ಕೋರ್ಟ್ ಕಟ್ಟಿ ಹತ್ತಿದ್ರ ಅಕಿಗೆ ನೀರು ಕೊಡೋರು ಯಾರ್ರೀ?”

“ನೀವು ಸುಮ್ಮನಿದ್ರ ಆ ಹುಡುಗ ಜೈಲಾಗ ಕೊಳೀತಾನ. ಅವಗೂ ಮನ್ಯಾಗ ತಾಯಿ ಅದಾಳ.”

ನನಗೆ ಸಿಟ್ಟು ಬಂದಿತ್ತು, ದನಿಯಲ್ಲಿ ಗೊತ್ತಾಗಿರಬೇಕು. ಅವನು ನೆಲ ನೋಡಿದ. ಆಮೇಲೆ ಗೋಡೆಯ ಮೊಳೆಗೆ ನೇತುಹಾಕಿದ್ದ ಕನ್ನಡಕ ತೆಗೆದು ಹಾಕಿಕೊಂಡು ಕೈ ಚಾಚಿದ.

“ಕೊಡ್ರಿಲ್ಲೆ.”

ಗಾಡಿಯದನ್ನು ಬಿಟ್ಟು ಚೂರಿನ ಫೋಟೋಗಳೇ ಮೂರಿದ್ದವು. ಕೋರ್ಟಿನಿಂದ ಅಫ್ರೀನ ತೆಗೆಸಿದ ಪ್ರತಿಗಳನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ್ದೆ. ಒಂದರಲ್ಲಿ ಚೂರಿನ ಹೊರಮೈ, ಇನ್ನೊಂದರಲ್ಲಿ ಒಳಮೈ, ಮೂರನೆಯದರಲ್ಲಿ ಅಡ್ಡಲಾಗಿ ನಿಲ್ಲಿಸಿ ತೆಗೆದ ಅಂಚು. ನಾನು ವಾರಗಟ್ಟಲೆ ದಿಟ್ಟಿಸಿದರೂ ನನಗೆ ಕಂಡದ್ದು ಮುರಿದ ಪ್ಲಾಸ್ಟಿಕ್ ಮಾತ್ರ.

ಇಸ್ಮಾಯಿಲಸಾಬ ಮೂರನೆಯದನ್ನು ಬೆಳಕಿಗೆ ಹಿಡಿದ. ಹುಬ್ಬು ಗಂಟಿಕ್ಕಿದ.

“ಇದು ಎಲ್ಲಿ ಸಿಕ್ತಂತ ಹೇಳಿದ್ರಿ?”

“ರಸ್ತಿ ಬದಿಗೆ. ಗುದ್ದಿದಾಗ ಗಾಡಿಯಿಂದ ಮುರದು ಬಿದ್ದದ್ದು.”

“ಸಾಧ್ಯಽ ಇಲ್ಲ.”

ಅವನು ಮೂಲೆಯ ಗುಜರಿಯಿಂದ ಯಾವುದೋ ಹಳೆಯ ಮಡ್‌ಗಾರ್ಡಿನ ತುಂಡು ಎತ್ತಿಕೊಂಡ. ಇಕ್ಕಳದಿಂದ ಹಿಡಿದು ಫಟ್ಟನೆ ಮುರಿದು ನನ್ನ ಕೈಗಿಟ್ಟ. ಮುರಿದ ಅಂಚು ಬೆಳ್ಳಗಾಗಿತ್ತು, ಅಂಕುಡೊಂಕಾಗಿತ್ತು, ಬೆರಳಿಗೆ ಚುಚ್ಚುತ್ತಿತ್ತು.

“ಮುರದ್ರ ಹಿಂಗಿರ್ತೈತಿ. ಈಗ ಫೋಟೋ ನೋಡ್ರಿ. ಅಂಚು ಇಳಿಜಾರ ಐತಿ. ಎರಡೂ ಕಡಿಂದ ಅರ ಹಾಕಿ ಉಜ್ಜಿದ್ದೈತಿ. ಗೀರು ಕಾಣ್ತಾವ?”

ಕಂಡವು. ಹೇಳಿದ ಮೇಲೆ ಎಷ್ಟು ಸ್ಪಷ್ಟವಾಗಿ ಕಂಡವೆಂದರೆ, ನನ್ನ ಕಣ್ಣಿನ ಬಗ್ಗೆ ನನಗೇ ನಾಚಿಕೆಯಾಯಿತು. ಒಂದೇ ದಿಕ್ಕಿಗೆ, ಸಣ್ಣ ಸಣ್ಣ ಗೀರು, ಅಂಚಿನುದ್ದಕ್ಕೂ.

“ಎರಡು ತುಂಡು ಕೂಡಸೂಕಿಂತ ಮೊದಲ ಅಂಚು ಹಿಂಗ ಇಳಿಜಾರ ಮಾಡ್ತೀವಿ. ನಡುವ ಹಳ್ಳ ಬಿದ್ರ ಅದರಾಗ ಪ್ಲಾಸ್ಟಿಕ್ ಕರಗಿಸಿ ತುಂಬಾಕ ಬರ್ತೈತಿ. ಇದು ನನ್ನ ಅರದ ಗೀರು. ಇದನ್ನೂ ನೋಡ್ರಿ.” ಒಳಮೈಯ ಫೋಟೋದಲ್ಲಿ ಒಂದು ಕಪ್ಪು ಚುಕ್ಕೆಯ ಮೇಲೆ ಉಗುರಿಟ್ಟ. “ಬಿಸಿ ಸೂಜಿ ಚುಚ್ಚಿದ್ದು. ಪ್ಲಾಸ್ಟಿಕ್ಕಿನ್ಯಾಗೂ ಜಾತಿ ಅದಾವ್ರಿ. ಒಂದು ಜಾತಿದು ಇನ್ನೊಂದಕ್ಕ ಹತ್ತೂದಿಲ್ಲ. ಸೂಜಿ ಕಾಸಿ ಚುಚ್ಚಿ, ಹೊಗಿ ಮೂಸಿದ್ರ ಯಾವುದಂತ ಗೊತ್ತಾಗ್ತೈತಿ.”

“ಅಂದ್ರ ಈ ಚೂರು ನಿಮ್ಮ ಶೆಡ್ಡಿಗೆ ಬಂದಿತ್ತು.”

“ಬಂದಿತ್ತು. ಎಮ್ಮಿಗೆ ಹಾಯ್ದು ಮುರದ ಚೂರನ್ನ ಆ ಹುಡುಗ ಜ್ವಾಪಾನ ಮಾಡಿ ಇಟ್ಕೊಂಡು ಬಂದಿದ್ದ. ಆದ್ರ ತಾನಽ ಮೊದಲ ಕ್ವಿಕ್ ಗಮ್ ಹಚ್ಚಿ ಅಂಟಸಾಕ ಹೋಗಿದ್ದ. ಆ ಗಮ್ ಕುಂತ್ರ ನನ್ನ ಮಾಲು ಹಿಡಿಯೂದಿಲ್ಲ. ಅರ ಹಾಕಿ ನೋಡಿದ್ನಿ, ಕೂಡಲಿಲ್ಲ. ಬಿಟ್ಟು, ಬ್ಯಾರೆ ಗಾಡಿ ಮಡ್‌ಗಾರ್ಡಿಂದ ತೇಪಿ ಕೊಯ್ದು ಹಾಕಿದ್ನಿ. ಒಳಗಿಂದ ತಂತಿ ಜಾಳಗಿ, ಮ್ಯಾಲೆ ಪುಟ್ಟಿ, ಪ್ರೈಮರ್, ಬಣ್ಣ, ಲ್ಯಾಕರ್. ಒಂದೊಂದು ಒಣಗಬೇಕಲ್ರಿ. ಒಂಬತ್ತು ದಿನದ ಕೆಲಸ. ಮೂರು ದಿನದಾಗ ಮಾಡ್ಯಾನಂತ! ಮಾಡಿ ತೋರಿಸ್ಲಿ ಯಾರಾದ್ರೂ.”

 ಅರ ಹಾಕಿದ ಚೂರು ಯಾವ ಬೈಕಿನಿಂದಲೂ ಮುರಿದು ಬೀಳಲಾರದು. ಅದನ್ನು ಯಾರೋ ತಂದು ರಸ್ತೆಯಲ್ಲಿ ಹಾಕಿದ್ದರು.

“ಕೆಲಸಕ್ಕ ಬರದ ಚೂರನ್ನ ಏನು ಮಾಡಿದ್ರಿ?”

“ವಾಪಸ್ ಕೊಟ್ನಿ.”

“ಕಸಾನಽ?”

ಇಸ್ಮಾಯಿಲಸಾಬನಿಗೆ ಆ ಮಾತು ಸೇರಲಿಲ್ಲ. “ಕಸ ಅಂತ ನೀವು ಅಂತೀರಿ. ನಮ್ಮಪ್ಪ ದರ್ಜಿ. ಅಂಗಿ ಹೊಲದು ಉಳದ ಅರಿವಿ, ಬಟ್ಟಿನಷ್ಟಿದ್ರೂ ಅಂಗಿ ಕಿಸೆದಾಗ ಇಟ್ಟು ಕೊಡ್ತಿದ್ದ. ಅದು ಗಿರಾಕಿದು, ನಮ್ಮದಲ್ಲ ಅಂತಿದ್ದ. ನಾನೂ ಹಂಗಽ. ಉಳದ ಚೂರು ಅರಿವ್ಯಾಗ ಕಟ್ಟಿ ಹ್ಯಾಂಡಲಿಗೆ ಬಿಗೀತೀನಿ.”

“ಗಾಡಿ ಒಯ್ಯಾಕ ಯಾರು ಬಂದಿದ್ರು?”

“ನವಾಜಽ ಬಂದಿದ್ದ. ಭಾನುವಾರ, ಮಧ್ಯಾಹ್ನದ ಜೋಹರ್ ನಮಾಜು ಮುಗದ ಮ್ಯಾಲೆ.”

ಅಲ್ಲೇ ಕೂತು ಹೇಳಿಕೆ ಬರೆದೆ. ಅವನು ಎರಡು ಸಲ ಓದಿದ. ಸಹಿ ಹಾಕುವ ಮೊದಲು ಪೆನ್ನು ಎತ್ತಿ ಹಿಡಿದು, “ಬಣ್ಣ ಸರಿಯಾಗಿ ಕೂಡೈತಿ ಅಂತನೂ ಬರೀರಿ,” ಅಂದ.

“ಕೋರ್ಟಿಗೆ ಅದು ಬೇಕಾಗಿಲ್ಲ, ಇಸ್ಮಾಯಿಲಸಾಬರ.”

“ನನಗ ಬೇಕು.”

ಬರೆದೆ. ಸಹಿ ಹಾಕಿದ. ಕಾಗದ ಮಡಚುವಾಗ, ಆ ಮುಂಡರಗಿಯವನ ಹೆಸರೇನು ಅಂತ ಕೇಳಿದ. ನಾನು ಚಪ್ಪಲಿ ಹುಡುಕುವ ನೆವದಲ್ಲಿ ಹೊರಗೆ ಬಂದುಬಿಟ್ಟೆ.

ಬೆಟಗೇರಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕೂತು ಎರಡೂ ಪಂಚನಾಮೆಗಳನ್ನು ಮತ್ತೊಮ್ಮೆ ಓದಿದೆ. ಮಂಗಳವಾರ ಸಂಜೆ ಐದೂವರೆಯದರಲ್ಲಿ ತುಳಸಾಬಾಯಿಯ ಒಂದು ಚಪ್ಪಲಿ, ಒಡೆದ ಕನ್ನಡಕ, ಮೆಂತ್ಯದ ಸೊಪ್ಪಿದ್ದ ಕೈಚೀಲ. ಅಷ್ಟೇ. ಬುಧವಾರ ಬೆಳಿಗ್ಗೆ ಒಂಬತ್ತರದರಲ್ಲಿ ಹಳದಿ ಚೂರು. ಅದೇ ಜಾಗ, ಕೈಚೀಲ ಬಿದ್ದಿದ್ದಲ್ಲಿಂದ ನಾಲ್ಕು ಹೆಜ್ಜೆ. ಹಳದಿ ಬಣ್ಣದ ಅಂಗೈಯಗಲದ ಚೂರು ಮೊದಲ ದಿನ ಯಾರ ಕಣ್ಣಿಗೂ ಬೀಳಲಿಲ್ಲ ಅಂದರೆ, ಮೊದಲ ದಿನ ಅದು ಅಲ್ಲಿ ಇರಲೇ ಇಲ್ಲ.

ಭಾನುವಾರದಿಂದ ಬೈಕು ಲಕ್ಷ್ಮೇಶ್ವರದ ಓಣಿಯಲ್ಲಿ, ಮನೆಯ ಮುಂದೆ ನಿಂತಿತ್ತು. ಹ್ಯಾಂಡಲಿಗೆ ಗಂಟು ನೇತಾಡುತ್ತಿತ್ತು. ಹೋಗಿಬರುವವರು ಯಾರು ಬೇಕಾದರೂ ಬಿಚ್ಚಿಕೊಳ್ಳಬಹುದಿತ್ತು. ಯಾರು ಅನ್ನುವುದನ್ನು ಆಮೇಲೆ ನೋಡಿಕೊಂಡರಾಯಿತು, ನಾಳೆಯ ಜಾಮೀನಿಗೆ ಇಷ್ಟು ಸಾಕು ಅಂದುಕೊಂಡೆ. ಅವಸರದಲ್ಲಿ ನಾನು ಮಾಡಿದ ತಪ್ಪು ಅದೇ.

ಚಹಾ ಮುಗಿಯುವ ಹೊತ್ತಿಗೆ ಫೋನ್ ಬಂತು. ಭಾರ್ಗವ. ಅವರ ಮನೆಯೂ ನಮ್ಮ ಮನೆಯೂ ಒಂದು ಕಾಲಕ್ಕೆ ಲಕ್ಷ್ಮೇಶ್ವರದಲ್ಲಿ ಎದುರುಬದುರು ಇದ್ದವು. ಈಗ ಅವನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ವಯಸ್ಸು ನಲವತ್ತು. ನನ್ನನ್ನು ಇನ್ನೂ ಕಾಕಾ ಅನ್ನುತ್ತಾನೆ.

“ಕಾಕಾ, ನೀವು ಅವನ ಪರವಾಗಿ ತಿರಗ್ಯಾಡ್ಲಿಕ್ಕೆ ಹತ್ತೀರಂತ, ಖರೇ ಏನು?”

“ಖರೇನಪಾ. ವಕೀಲರು ಹೇಳಿದ ಕೆಲಸ.”

“ಅವ್ವ ನಿಮಗ ಎಷ್ಟು ಸಲ ಊಟಕ್ಕ ಹಾಕಿರಬೇಕು, ಕಾಕಾ?”

 ತುಳಸಾಬಾಯಿಯ ಕೈಯ ಹುರಕ್ಕಿ ಹೋಳಿಗೆಯನ್ನು ನಾನು ಲೆಕ್ಕವಿಲ್ಲದಷ್ಟು ತಿಂದಿದ್ದೆ.

“ನಾಳೆ ಅವ ಹೊರಗ ಬರಬಾರದು,” ಅಂದ ಭಾರ್ಗವ.  “ಬಂದ್ರ ನನಗ ನಿದ್ದಿ ಹತ್ತೂದಿಲ್ಲ. ಈಗಽ ಹತ್ತವಲ್ದು.”

“ಭಾರ್ಗವ, ಅವ ಮಾಡಿಲ್ಲಂತ ನನಗ ಅನಸ್ತದ.”

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. 

“ಏನು ಸಿಕ್ಕದ ನಿಮಗ?” ಅಂದ.

“ನಾಳೆ ಕೋರ್ಟಿನಾಗ ಗೊತ್ತಾಗ್ತದ.”

ಅವನು ಫೋನ್ ಇಟ್ಟ. ತಾಯಿಯನ್ನು ಕಳೆದುಕೊಂಡವನ ಹತ್ತಿರ ಹೀಗೆ ಮಾತಾಡಬೇಕಾಯಿತಲ್ಲ ಅಂತ ನನಗೆ ಕೆಟ್ಟದೆನಿಸಿತು. ಚಹಾ ಆರಿಹೋಗಿತ್ತು.

ನಾಲ್ಕಕ್ಕೆ ಗದಗಿನ ಜೈಲಿನ ಬಾಗಿಲಲ್ಲಿ ಅಫ್ರೀನ ಸಿಕ್ಕಳು. ಹೇಳಿಕೆಯನ್ನು ನಿಂತಲ್ಲೇ ಓದಿದಳು. ಅರ ಹಾಕಿದ ಅಂಚಿನ ಮಾತು ಬಂದಾಗ, “ಅಬ್ಬಾ, ದತ್ತಾತ್ರಿ ಅಂಕಲ್,” ಅಂದಳು. ಬಣ್ಣ ಕೂಡೈತಿ ಅನ್ನುವ ಸಾಲಿಗೆ ಬಂದಾಗ ನನ್ನ ಮುಖ ನೋಡಿದಳು.

“ಅದು ಇರ್ಲಿ ಬಿಡವಾ,” ಅಂದೆ.

ಬೇವಿನ ಗಿಡದ ಕೆಳಗೆ ಖೈರುನಬಿ ಕೂತಿದ್ದಳು. ಪ್ರತಿ ದಿನ ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಬಂದು, ಒಳಗೆ ಬಿಡದ ದಿನವೂ ಅಲ್ಲೇ ಕೂತು, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ನಮ್ಮನ್ನು ಕಂಡು ಎದ್ದಳು. ಕೇಳಲು ಹೆದರಿ ಬರೀ ನೋಡಿದಳು.

ನಾನು ತಡೆಯಲಾರದೆ ಹೇಳಿಬಿಟ್ಟೆ. “ನಾಳೆ ನಿಮ್ಮ ಮಗ ಮನಿಗೆ ಬರ್ತಾನ ಅವ್ವಾರ.”

“ಖರೇ ಏನ್ರೀ ಅಣ್ಣಾರ?”

“ಖರೇ.”

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ನನ್ನ ಎರಡೂ ಕೆನ್ನೆ ಸವರಿ ತನ್ನ ಕಿವಿಯ ಹತ್ತಿರ ನೆಟಿಗೆ ಮುರಿದುಕೊಂಡಳು. ಅರವತ್ತಮೂರು ವರ್ಷದ ನನಗೆ ಯಾರೂ ದೃಷ್ಟಿ ತೆಗೆಯದೆ ಬಹಳ ಕಾಲವಾಗಿತ್ತು.  ಬೇಗ ಬೇಗ ಒಳಗೆ ನಡೆದೆ.

ನವಾಜ ಸರಳುಗಳ ಆಚೆ ಬಂದು ನಿಂತ. ಇಪ್ಪತ್ತೇಳರ ಹುಡುಗ, ಮೂರು ವಾರದಲ್ಲಿ ಕುತ್ತಿಗೆ ಸಣ್ಣಗಾಗಿತ್ತು. ಅಫ್ರೀನ ಚೀಲದಿಂದ ವಹಿ ತೆಗೆದಳು. ನಾನು ಇಸ್ಮಾಯಿಲಸಾಬ ಹೇಳಿದ್ದನ್ನೆಲ್ಲ ಒಂದೇ ಉಸುರಿಗೆ ಹೇಳಿದೆ. ಇಳಿಜಾರು ಅಂಚು, ಅರದ ಗೀರು, ಸೂಜಿಯ ಚುಕ್ಕೆ, ಎರಡು ಪಂಚನಾಮೆ.

“ಆ ಚೂರು ನಿನ್ನ ಗಾಡಿಯಿಂದ ಬಿದ್ದದ್ದಲ್ಲ ಅಂತ ನಾಳೆ ತೋರಿಸ್ತೀವಿ. ಯಾರೋ ತಂದು ಹಾಕ್ಯಾರ. ಒಂದನೇ ತಾರೀಖಿಗೆ ನೀ ಬಸ್ ಡಿಪೋದಾಗ ಇರ್ತೀ.”

ಅವನು ನಗುತ್ತಾನೆ, ಇಲ್ಲವೆ ಅಳುತ್ತಾನೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಮುಖದ ಬಣ್ಣ ಇಳಿಯಿತು.

“ಇಸ್ಮಾಯಿಲ ಚಾಚಾ ಬರದು ಕೊಟ್ಟಾರೇನ್ರಿ?”

“ಸಹಿ ಹಾಕಿ ಕೊಟ್ಟಾರ.”

“ಆ ಕಾಗದ ಹರದು ಒಗೀರಿ ಸರ.”

ಅಫ್ರೀನ ತಲೆ ಎತ್ತಿದಳು. “ಹುಚ್ಚು ಹಿಡದೈತೇನು ನವಾಜ? ಹೊರಗ ನಿಮ್ಮ ಅಮ್ಮಾ ಕುಂತಾಳ!”

“ಗೊತ್ತೈತ್ರಿ ಮೇಡಂ.”

“ಯಾರರೇ ಹೆದರಿಸ್ಯಾರೇನು?” ಅಂದೆ. “ಚೂರು ಹಾಕಿದವರು ಯಾರಂತ ನಿನಗ ಗೊತ್ತೈತಿ. ಹೌದಲ್ಲೋ?”

“ಗೊತ್ತೈತ್ರಿ.”

“ಯಾರು?”

“ನಾನಽ.”

ವಹಿಯ ಮೇಲೆ ಓಡುತ್ತಿದ್ದ ಪೆನ್ನು ನಿಂತಿತು. ಕೇಳಿಸಿಕೊಂಡದ್ದು ಸರಿಯೇ ಅಂತ ನಾನು ಅವನ ಮುಖ ನೋಡಿದೆ. ಅವನು ಸರಳು ಹಿಡಿದುಕೊಂಡು ನಿಂತಿದ್ದ.

“ಮಂಗಳಾರ ರಾತ್ರಿ ಊಟ ಆದಮ್ಯಾಲೆ ಹೋಗಿ ಹಾಕಿ ಬಂದ್ನಿ. ಅರ ಹಾಕಿದ್ದು ಗೊತ್ತಾಗ್ತೈತಿ ಅಂತ ನನಗ ತಿಳೀಲಿಲ್ಲ.”

“ನೀ ಗುದ್ದಿಯೇನು?”

“ಇಲ್ರಿ. ನಾ ಹೋಗೂದರಾಗ ಅಕ್ಕೋರು ರಸ್ತಿಮ್ಯಾಲೆ ಬಿದ್ದಿದ್ರು.” ಮೂರನೇ ಇಯತ್ತೆಯಲ್ಲಿ ಕಲಿಸಿದ ತುಳಸಾಬಾಯಿ ಅವನಿಗೆ ಇನ್ನೂ ಅಕ್ಕೋರೇ. “ಆಟೋದಾಗ ಅವರ ತಲಿ ನನ್ನ ತೊಡಿಮ್ಯಾಲಿತ್ತು. ಎಚ್ಚರಿದ್ರು. ನನ್ನ ಗುರ್ತು ಹಿಡದ್ರು. ಗುದ್ದಿದವರನ್ನ ಅವರು ನೋಡಿದ್ರು, ಸರ. ಹೆಸರು ಹೇಳಿದ್ರು. ಹೇಳಿ, ಯಾರ ಮುಂದೂ ಹೇಳಬ್ಯಾಡ, ಆಣಿ ಮಾಡು ಅಂದ್ರು. ಕೈ ಬಿಡವಲ್ರು. ಆಣಿ ಮಾಡಿದ್ನಿ.”

“ಸುಮ್ಮನಿದ್ದಿದ್ರ ಸಾಕಿತ್ತಲ್ಲ,” ಅಂದಳು ಅಫ್ರೀನ. “ಚೂರು ಯಾಕ ಹಾಕಿದಿ?”

“ಹಳದಿ ಗಾಡಿ ಅಂತ ಹನಮಂತವ್ವ ಹೇಳಿಬಿಟ್ಟಳು. ನಮ್ಮೂರಾಗ ಹಳದಿ ಗಾಡಿ ಎಷ್ಟದಾವು ಮೇಡಂ? ನಂದೊಂದು, ಗುದ್ದಿದವರದೊಂದು. ಎರಡು ದಿನದಾಗ ಪೊಲೀಸರು ಆ ಗಾಡಿ ಮುಂದ ನಿಂತಿರ್ತಿದ್ರು. ಅಕ್ಕೋರು ಬದುಕ್ತಾರ ಅಂದ್ಕೊಂಡಿದ್ನಿ. ಸಣ್ಣ ಕೇಸು, ಗಾಡಿ ತಾಗಿತ್ತು ಅಂದ್ರ ದಂಡಕ್ಕ ಮುಗೀತೈತಿ ಅಂದ್ಕೊಂಡಿದ್ನಿ. ಗುರುವಾರ ಅವರು ಹೋಗಿಬಿಟ್ರು.”

“ಹಂಗಾದ್ರ ಈಗ ಹೇಳು!” ನನ್ನ ದನಿ ಏರಿತ್ತು, ಕಾವಲಿನವನು ತಿರುಗಿ ನೋಡಿದ. “ಸತ್ತವರಿಗೆ ಕೊಟ್ಟ ಮಾತಿಗೆ ನಿನ್ನ ಜನ್ಮ ಹಾಳು ಮಾಡ್ಕೋತೀ ಏನು?”

“ಇದ್ದಿದ್ರ ಕಾಲು ಹಿಡದು, ಅಕ್ಕೋರ, ನನ್ನ ಕಡಿಂದ ಆಗವಲ್ದು, ಬಿಡ್ರಿ ಅಂತಿದ್ನಿ. ಈಗ ಆ ಮಾತು ಹೊಳ್ಳಿ ತಗೋರಿ ಅಂತ ಯಾರ ಕಡೆ ಹೋಗ್ಲಿ ಸರ?”

ಹೇಳಿಕೆ ನನ್ನ ಅಂಗಿಯ ಕಿಸೆಯಲ್ಲಿತ್ತು. ಅದನ್ನು ನಾಳೆ ಕೊಟ್ಟರೆ, ಚೂರು ಹಾಕಿದವರು ಯಾರು ಅನ್ನುವ ಪ್ರಶ್ನೆ ಏಳುತ್ತದೆ. ಕೊಡದಿದ್ದರೆ ಇವನು ಒಳಗೇ ಉಳಿಯುತ್ತಾನೆ. ಆಚೆ ಬೇವಿನ ಗಿಡದ ಕೆಳಗೆ ಕೂತವಳಿಗೆ ನಾನು ಆಗಲೇ ಮಾತು ಕೊಟ್ಟಾಗಿತ್ತು.

“ಯಾರ ಹೆಸರು ಹೇಳಿದ್ರು ಅಕ್ಕೋರು?” ಅಂತ ಅಫ್ರೀನ ಮೆಲ್ಲಗೆ ಕೇಳಿದಳು. “ನಾ ನಿನ್ನ ವಕೀಲಿ. ನನ್ನ ಮುಂದ ಹೇಳಿದ್ದು ಹೊರಗ ಹೋಗೂದಿಲ್ಲ.”

ನವಾಜ ಅವಳನ್ನು ನೋಡಿದ. ಆಮೇಲೆ ನನ್ನನ್ನು. 

“‘ಭಾರ್ಗವ ನೋಡಿಲ್ಲಪಾ ನನ್ನ,’ ಅಂದ್ರು. ‘ನೋಡಿದ್ರ ನಿಲ್ಲಸ್ತಿದ್ದ. ಅವಗ ಏನೂ ಆಗಬಾರದು.’ ಆಸ್ಪತ್ರಿ ಮುಟ್ಟೂತನಕ ಅದನ್ನಽ ಅಂದ್ರು, ಸರ.”